ಧರ್ಮನಿಂದೆ, ದಂಡ ಮತ್ತು ಶಾಸನಸಭೆಯ ಭಿನ್ನಮತ



ಧರ್ಮವನ್ನು ಅವಮಾನಿಸಿದ ಮಾತಿಗೆ ಸರ್ಕಾರ ಜೈಲುಶಿಕ್ಷೆ ಕೊಡಬೇಕೆ ಎಂಬ ಪ್ರಶ್ನೆಯನ್ನು ನಾವು ಎಲ್ಲೋ ಗಲಭೆಯಾದ ಮೇಲೆ, ಯಾರನ್ನೋ ಬಂಧಿಸಿದ ಮೇಲೆ ಮಾತ್ರ ಕೇಳಿಕೊಳ್ಳುತ್ತೇವೆ. ಆಗ ಮನಸ್ಸು ಕಾದಿರುತ್ತದೆ. ಬರೆದವನ ಪರವೋ ನೊಂದವರ ಪರವೋ ಎಂದು ಮೊದಲೇ ತೀರ್ಮಾನಿಸಿ, ಕಾರಣಗಳನ್ನು ಆಮೇಲೆ ಹುಡುಕುತ್ತೇವೆ. ಈ ಪ್ರಶ್ನೆಯನ್ನು ಕಾವಿಲ್ಲದ ಹೊತ್ತಿನಲ್ಲಿ ಎತ್ತಿಕೊಳ್ಳಬೇಕು ಎಂಬುದು ನನ್ನ ಅಪೇಕ್ಷೆ. ಅದಕ್ಕೆ ತಕ್ಕ ಜಾಗ ಶಾಸನಸಭೆ. ಕಾನೂನು ಹುಟ್ಟುವುದು ಅಲ್ಲಿ. ಅದು ಯಾರನ್ನು ತಟ್ಟಬೇಕು, ಯಾರನ್ನು ತಟ್ಟಕೂಡದು ಎಂದು ಮೊದಲು ಅಳೆದು ನೋಡಬೇಕಾದವರೂ ಅಲ್ಲಿ ಕುಳಿತವರೇ. ನಮ್ಮ ದೇಶದಲ್ಲಿ ಇಂಥ ಅಳತೆ ಒಮ್ಮೆ ಗಂಭೀರವಾಗಿ ನಡೆದದ್ದು 1927ರಲ್ಲಿ. ಅಂದಿನ ಭಿನ್ನಮತದಿಂದ ಕಾನೂನಿನೊಳಗೆ ಒಂದು ಭರವಸೆ ಬಂದು ಸೇರಿತು: ಸದುದ್ದೇಶದ ವಿಮರ್ಶಕನಿಗೆ ಈ ಕಾನೂನಿನಿಂದ ಕೇಡಾಗದು ಎಂಬ ಭರವಸೆ. ಅದು ಪುಸ್ತಕದಲ್ಲಿ ಇಂದಿಗೂ ಉಳಿದಿದೆ, ಪೊಲೀಸ್ ಠಾಣೆಯ ಮಟ್ಟದಲ್ಲಿ ಮಾತ್ರ ಉಳಿದಿಲ್ಲ. ಆ ಭರವಸೆಯನ್ನು ಮೊದಲ ಹೆಜ್ಜೆಯಲ್ಲೇ ಜಾರಿಗೆ ತರದೆ ಹಳೆಯ ಕಾನೂನನ್ನು ಬಳಸುವುದೂ ಸರಿಯಲ್ಲ, ಹೊಸದನ್ನು ಮಾಡುವುದೂ ಸರಿಯಲ್ಲ. ಇದೇ ಈ ಉಪನ್ಯಾಸದ ವಾದ.

ಮೊದಲು ಹಿನ್ನೆಲೆಯನ್ನು ನೋಡೋಣ. ಮೆಕಾಲೆಯ ನೇತೃತ್ವದ ಕಾನೂನು ಆಯೋಗ 1837ರಲ್ಲಿ ಕರಡನ್ನು ಸಿದ್ಧಪಡಿಸಿತು. 1860ರಲ್ಲಿ ಅದು ಭಾರತೀಯ ದಂಡಸಂಹಿತೆಯಾಗಿ ಅಂಗೀಕಾರವಾಯಿತು. ಅದರಲ್ಲಿ ಧರ್ಮಕ್ಕೆ ಸಂಬಂಧಿಸಿದ ಅಪರಾಧಗಳಿಗೇ ಒಂದು ಅಧ್ಯಾಯವಿತ್ತು. ಪೂಜಾಸ್ಥಳವನ್ನು ಹಾಳುಗೆಡವುವುದು, ಪ್ರಾರ್ಥನೆಗೆ ಅಡ್ಡಿಮಾಡುವುದು, ಸ್ಮಶಾನವನ್ನು ಅತಿಕ್ರಮಿಸುವುದು, ಎದುರಿಗಿರುವ ವ್ಯಕ್ತಿಯ ಧಾರ್ಮಿಕ ಭಾವನೆಯನ್ನು ನೋಯಿಸಬೇಕೆಂದೇ ಅವನ ಕಿವಿಗೆ ಬೀಳುವಂತೆ ಮಾತಾಡುವುದು ಅಲ್ಲಿ ಶಿಕ್ಷಾರ್ಹವಾಗಿದ್ದವು. ಇಂಗ್ಲೆಂಡಿನ ಹಳೆಯ ದೈವನಿಂದೆಯ ಕಾನೂನು ಅಲ್ಲಿನ ಅಧಿಕೃತ ಚರ್ಚಿನ ಸಿದ್ಧಾಂತವನ್ನು ಕಾಯುತ್ತಿತ್ತು. ಇಲ್ಲಿನ ಸಂಹಿತೆ ಯಾವುದೇ ಸಿದ್ಧಾಂತವನ್ನು ಕಾಯಲು ಹೊರಡಲಿಲ್ಲ. ಒಬ್ಬ ಮನುಷ್ಯ ತನ್ನ ದೇವರನ್ನು ನೆಮ್ಮದಿಯಾಗಿ ಪೂಜಿಸುವ ಅವಕಾಶವನ್ನು ಕಾಯುವುದು ಅದರ ಗುರಿಯಾಗಿತ್ತು. ಈ ವ್ಯತ್ಯಾಸ ಸಣ್ಣದಲ್ಲ. ನಂಬಿಕೆಯನ್ನು ಕಾಯುವುದು ಬೇರೆ, ನಂಬುವವನನ್ನು ಕಾಯುವುದು ಬೇರೆ. ಮುದ್ರಿತ ಪುಸ್ತಕದ ಮೂಲಕ ಒಂದು ಧರ್ಮವನ್ನು ಹೀಗಳೆಯುವುದನ್ನು ತನ್ನಷ್ಟಕ್ಕೆ ಅಪರಾಧವೆನ್ನುವ ಕಲಂ 1860ರಲ್ಲಿ ಇರಲಿಲ್ಲ. 1898ರಲ್ಲಿ ಬಂದ ಕಲಂ 153ಎ ಕೂಡ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದನ್ನು ಕುರಿತದ್ದಾಗಿತ್ತು.

ಆ ಕೊರತೆ ಎದ್ದು ಕಂಡದ್ದು ಲಾಹೋರಿನ ಒಂದು ಪ್ರಕರಣದಲ್ಲಿ. ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಅವಹೇಳನ ಮಾಡುವ ಕಿರುಹೊತ್ತಿಗೆಯೊಂದನ್ನು 1924ರಲ್ಲಿ ಪ್ರಕಟಿಸಿದ್ದಕ್ಕಾಗಿ ಪ್ರಕಾಶಕ ರಾಜಪಾಲರ ಮೇಲೆ ಕಲಂ 153ಎ ಅಡಿಯಲ್ಲಿ ಮೊಕದ್ದಮೆ ನಡೆಯಿತು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ವಿಧಿಸಿದವು. 1927ರ ಮೇ ತಿಂಗಳಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಅವರು ರಾಜಪಾಲರನ್ನು ಬಿಡುಗಡೆ ಮಾಡಿದರು. ಹೊತ್ತಿಗೆಯ ದುಷ್ಟತನವನ್ನು ನ್ಯಾಯಮೂರ್ತಿಗಳು ಅಲ್ಲಗಳೆಯಲಿಲ್ಲ. ಇಂದು ಬದುಕಿರುವ ಸಮುದಾಯದ ಮೇಲಿನ ದಾಳಿಯನ್ನು ತಡೆಯಲು ಇರುವ ಕಲಮನ್ನು ಗತಿಸಿದ ಧರ್ಮಗುರುವಿನ ಬಗೆಗಿನ ಟೀಕೆಗೆ ಹಿಗ್ಗಿಸಲಾಗದು ಎಂಬುದು ಅವರ ತರ್ಕ. ತೀರ್ಪಿನಿಂದ ಪಂಜಾಬ್ ಹೊತ್ತಿ ಉರಿಯಿತು. ಕೆಲವೇ ತಿಂಗಳಲ್ಲಿ ಅಮೃತಸರದ ಇನ್ನೊಂದು ಪತ್ರಿಕೆಯ ಪ್ರಕರಣದಲ್ಲಿ ಅದೇ ಹೈಕೋರ್ಟಿನ ಪೀಠ ಅದೇ 153ಎ ಅಡಿಯಲ್ಲಿ ಶಿಕ್ಷೆಯನ್ನು ಕೊಟ್ಟಿತು. ಒಂದೇ ಕಲಮಿಗೆ ಎರಡು ಅರ್ಥಗಳು ಹುಟ್ಟಿದ್ದವು. ಸರ್ಕಾರ ಸಿಮ್ಲಾದಲ್ಲಿ ಸೇರಿದ್ದ ಕೇಂದ್ರ ಶಾಸನಸಭೆಯ ಮುಂದೆ ಮಸೂದೆಯನ್ನು ತಂದಿತು. 1927ರ 25ನೆಯ ಅಧಿನಿಯಮವಾಗಿ ಹೊರಬಂದ ಆ ಮಸೂದೆಯಿಂದಲೇ ಕಲಂ 295ಎ ಹುಟ್ಟಿತು.

ಆ ಸಭೆಯ ಭಿನ್ನಮತವನ್ನು ಹಿಂದೂ ಮುಸ್ಲಿಂ ಭಿನ್ನಮತವೆಂದು ಓದಿದರೆ ಅದರ ತಿರುಳೇ ಕೈತಪ್ಪುತ್ತದೆ. ಮಸೂದೆಯ ಬಗ್ಗೆ ಅನುಮಾನಪಟ್ಟವರ ವಾದಗಳು ತತ್ವದ ಮೇಲೆ ನಿಂತಿದ್ದವು. ಅಮೃತಸರದ ಪ್ರಕರಣದಲ್ಲಿ ಇರುವ ಕಾನೂನೇ ಸಾಕೆಂದು ಸಾಬೀತಾಗಿರುವಾಗ ಹೊಸದೇಕೆ ಎಂದು ಕೆಲವರು ಕೇಳಿದರು. ಬೀದಿಯ ಉದ್ರೇಕಕ್ಕೆ ಉತ್ತರವಾಗಿ ಅವಸರದಲ್ಲಿ ಮಾಡುವ ಶಾಸನ ಶಾಶ್ವತವಾಗಿ ಉಳಿದುಬಿಡುತ್ತದೆ ಎಂಬ ಎಚ್ಚರಿಕೆಯೂ ಇತ್ತು. ಎಲ್ಲಕ್ಕಿಂತ ದೊಡ್ಡದು ಸಮಾಜ ಸುಧಾರಕನ ಗತಿಯೇನು ಎಂಬ ಚಿಂತೆ. ಅಸ್ಪೃಶ್ಯತೆ, ಬಾಲ್ಯವಿವಾಹ, ದೇವದಾಸಿ ಪದ್ಧತಿಗಳನ್ನು ಟೀಕಿಸಬೇಕಾದರೆ ಅವಕ್ಕೆ ಬೆಂಬಲವೆಂದು ತೋರಿಸುವ ಶಾಸ್ತ್ರವಾಕ್ಯವನ್ನೂ ಟೀಕಿಸಬೇಕಾಗುತ್ತದೆ. ಶಾಸ್ತ್ರವನ್ನು ಮುಟ್ಟಿದ ಕೂಡಲೇ ಶ್ರದ್ಧಾವಂತನಿಗೆ ನೋವಾಗುತ್ತದೆ. ಆ ನೋವನ್ನೇ ಅಪರಾಧದ ಅಳತೆಗೋಲು ಮಾಡಿದರೆ ಸುಧಾರಣೆಯ ಮೊದಲ ವಾಕ್ಯವೇ ಜೈಲಿನ ದಾರಿಯಾಗುತ್ತದೆ. ಮಸೂದೆಯ ಪರವಾಗಿದ್ದ ಮಹಮ್ಮದ್ ಅಲಿ ಜಿನ್ನಾ ಅವರೂ ಇದನ್ನು ಒಪ್ಪಿದ್ದರು ಎಂಬುದನ್ನು ಗಮನಿಸಬೇಕು. ಇತಿಹಾಸ ಬರೆಯುವವರು, ಸತ್ಯವನ್ನು ಹುಡುಕುವವರು, ಪ್ರಾಮಾಣಿಕವಾಗಿ ಧರ್ಮವನ್ನು ವಿಮರ್ಶಿಸುವವರು ರಕ್ಷಿತರಾಗಿರಬೇಕು ಎಂಬುದು ಅವರು ಸಭೆಯಲ್ಲಿ ಆಡಿದ ಮಾತಿನ ಸಾರ.

ಸೆಲೆಕ್ಟ್ ಕಮಿಟಿ ಮಸೂದೆಯ ಮೇಲೆ ಮಾಡಿದ ಕೆಲಸ ಈ ಚಿಂತೆಯ ಫಲ. ಒಬ್ಬ ಬರಹಗಾರ ತನ್ನ ಜನರನ್ನು ಸುಧಾರಣೆಯತ್ತ ತಿರುಗಿಸಬೇಕೆಂಬ ಸದುದ್ದೇಶದಿಂದಲೇ, ಅವರು ಬೆಚ್ಚಿಬೀಳಲಿ ಎಂದು ಬಿರುಸಾದ ಮಾತನ್ನು ಆಡಬಹುದು ಎಂಬುದನ್ನು ಸಮಿತಿ ತನ್ನ ವರದಿಯಲ್ಲಿ ಮುಕ್ತವಾಗಿ ಒಪ್ಪಿಕೊಂಡಿತು. ಅವನು ಬೇಕೆಂದೇ ನೋಯಿಸಿದ್ದಾನೆ ಎಂದಷ್ಟೇ ತೋರಿಸಿದರೆ ಸಾಲದು, ದುರುದ್ದೇಶದಿಂದ ನೋಯಿಸಿದ್ದಾನೆ ಎಂದೂ ತೋರಿಸಬೇಕು ಎಂದು ಕಲಮಿನ ಪಠ್ಯವನ್ನೇ ಬಿಗಿ ಮಾಡಿತು. ಅಲ್ಲಿಗೆ 295ಎ ಎರಡು ಬೀಗಗಳ ಕಾನೂನಾಯಿತು. ವಿಚಾರಣೆಯಲ್ಲಿ ಎರಡೂ ತೆರೆದಾಗಲೇ ಶಿಕ್ಷೆ. 1957ರಲ್ಲಿ ಸುಪ್ರೀಂ ಕೋರ್ಟು ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಈ ಕಲಂ ಸಂವಿಧಾನಬದ್ಧವೆಂದು ಎತ್ತಿಹಿಡಿದಾಗ ಆಧಾರವಾದದ್ದೂ ಇದೇ. ಧರ್ಮಕ್ಕಾದ ಪ್ರತಿಯೊಂದು ಅವಮಾನವನ್ನೂ ಈ ಕಲಂ ದಂಡಿಸುವುದಿಲ್ಲ, ಬೇಕೆಂದೇ ಮತ್ತು ದುರುದ್ದೇಶದಿಂದ ಮಾಡಿದ ಉಗ್ರ ಸ್ವರೂಪದ ಅವಮಾನವನ್ನು ಮಾತ್ರ ದಂಡಿಸುತ್ತದೆ, ಅಂಥದ್ದು ಸಾರ್ವಜನಿಕ ಶಾಂತಿಯನ್ನು ಕದಡುವ ಸ್ವಭಾವದ್ದು ಎಂದು ನ್ಯಾಯಾಲಯ ವಿವರಿಸಿತು. ಶಾಸನಸಭೆಯ ಅಲ್ಪಮತದ ಆತಂಕ ಮೂವತ್ತು ವರ್ಷಗಳ ನಂತರ ಕಾನೂನಿನ ಜೀವ ಉಳಿಸಿತು. ಭಿನ್ನಮತಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಈ ಕಾನೂನು ನಮ್ಮ ನೆಲಕ್ಕೆ ಬಂದದ್ದು ತಡವಾಗಿ. 1927ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಿಮ್ಲಾದ ಶಾಸನ ಇಲ್ಲಿಗೆ ಅನ್ವಯವಾಗುತ್ತಿರಲಿಲ್ಲ, ಸಂಸ್ಥಾನಕ್ಕೆ ಅದರದೇ ದಂಡಸಂಹಿತೆಯಿತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1951ರಲ್ಲಿ ಭಾರತೀಯ ದಂಡಸಂಹಿತೆಯನ್ನು ‘ಬಿ’ ವರ್ಗದ ರಾಜ್ಯಗಳಿಗೆ ವಿಸ್ತರಿಸಿದಾಗ 295ಎ ಇಲ್ಲಿಗೂ ಬಂದಿತು. ಹಾಗೆಂದು ಪರಧರ್ಮದ ಬಗ್ಗೆ ಹೇಗೆ ಮಾತಾಡಬೇಕು ಎಂಬ ಪ್ರಶ್ನೆ ಈ ಭಾಗಕ್ಕೆ 1951ರಲ್ಲಿ ಹೊಸದಾಗಿ ಬಂದದ್ದಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಆತನ ಹನ್ನೆರಡನೆಯ ಶಿಲಾಶಾಸನವೇ ದೊರೆತಿದೆ. ತನ್ನ ಪಂಥವನ್ನು ಅತಿಯಾಗಿ ಹೊಗಳುವುದನ್ನೂ ಪರರ ಪಂಥವನ್ನು ಸಕಾರಣವಿಲ್ಲದೆ ತೆಗಳುವುದನ್ನೂ ಬಿಟ್ಟು ಮಾತಿನಲ್ಲಿ ಸಂಯಮವಿರಲಿ ಎಂಬುದು ಅದರ ಬೋಧೆ. ಸಾಮ್ರಾಟನ ಕೈಯಲ್ಲಿ ದಂಡವಿತ್ತು. ಆದರೂ ಈ ವಿಷಯದಲ್ಲಿ ಆತ ಶಿಕ್ಷೆಯನ್ನು ಸಾರಲಿಲ್ಲ, ಪಂಥಗಳು ಒಂದನ್ನೊಂದು ಕೇಳಿ ಅರಿಯಲಿ ಎಂದು ಕೋರಿದ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತು ಎಂಬ ಮಾತನ್ನು ಹೇಳಿದೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಅದು ಹೆಸರಿಸುವ ಊರುಗಳಲ್ಲಿ ಕೊಪಣ, ಎಂದರೆ ನಮ್ಮ ಕೊಪ್ಪಳವೂ ಒಂದು.

ಇನ್ನೊಂದು ನಿದರ್ಶನ ನ್ಯಾಯದಾನಕ್ಕೆ ಸಂಬಂಧಿಸಿದ್ದು. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ತಮಗೆ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಹೆಸರನ್ನು ಹೊತ್ತ ಆ ಶಾಸನ ಶ್ರವಣಬೆಳಗೊಳದಲ್ಲಿದೆ. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯ ಮತ್ತು ಕಳಸದ ಹಕ್ಕು ಜೈನರಿಗೆ ಉಂಟೆಂದ. ಬೆಳಗೊಳದ ತೀರ್ಥಕ್ಕೆ ಕಾವಲಿನ ವ್ಯವಸ್ಥೆಯನ್ನೂ ಮಾಡಿಸಿದ. ಆ ತೀರ್ಪು ಏನನ್ನು ರಕ್ಷಿಸಿತು ಎಂದು ನೋಡಿ. ಜೈನ ಸಿದ್ಧಾಂತವನ್ನು ಯಾರೂ ಖಂಡಿಸಕೂಡದು ಎಂದು ಅರಸ ಹೇಳಲಿಲ್ಲ. ಜೈನ, ವೈಷ್ಣವ, ಶೈವ ವಿದ್ವಾಂಸರು ಆಮೇಲೂ ಒಬ್ಬರನ್ನೊಬ್ಬರು ತರ್ಕದಲ್ಲಿ ಖಂಡಿಸುತ್ತಲೇ ಇದ್ದರು. ಅಲ್ಪಸಂಖ್ಯಾತ ಸಮುದಾಯದ ಆಚರಣೆ, ಗೌರವ, ದೇಹ, ದೇಗುಲಗಳಿಗೆ ಆತ ಕಾವಲು ಕೊಟ್ಟ. ಹದಿನಾಲ್ಕನೆಯ ಶತಮಾನದ ರಾಜಾಜ್ಞೆಯನ್ನು ಇಂದಿನ ಸಂವಿಧಾನಕ್ಕೆ ಸಮನೆನ್ನಲಾಗದು. ಆದರೆ ಮನುಷ್ಯರನ್ನು ಕಾಯುವುದಕ್ಕೂ ಸಿದ್ಧಾಂತವನ್ನು ಕಾಯುವುದಕ್ಕೂ ಇರುವ ಅಂತರ ನಮಗೆ ಹೊರಗಿನಿಂದ ಬಂದ ಆಮದಲ್ಲ ಎಂಬುದಕ್ಕೆ ಇದು ಸಾಕ್ಷಿ. ಹನ್ನೆರಡನೆಯ ಶತಮಾನದ ಶರಣರು ಯಜ್ಞವನ್ನು, ಸ್ಥಾವರ ಪೂಜೆಯನ್ನು, ಹುಟ್ಟಿನ ಶ್ರೇಷ್ಠತೆಯನ್ನು ಕುರಿತು ಆಡಿದ ಮಾತುಗಳು ಮೆದುವಾದವಲ್ಲ. ನೊಂದವರ ನೋವೊಂದೇ ಅಳತೆಯಾದರೆ ಕನ್ನಡದ ಅತ್ಯುತ್ತಮ ಪರಂಪರೆಯೊಂದು ಆರೋಪಿಯ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಸದುದ್ದೇಶದ ಬಿರುಸು ಮಾತಿಗೂ ದುರುದ್ದೇಶದ ಬೈಗುಳಕ್ಕೂ ನಡುವೆ 1927ರ ಸಮಿತಿ ಎಳೆದ ಗೆರೆ ಬೇಕಾಗುವುದು ಇಲ್ಲಿ.

ಹಾಗಾದರೆ ಆ ಗೆರೆ ಇಂದು ಏನಾಗಿದೆ? 1927ರಲ್ಲಿ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ 1961ರ ತಿದ್ದುಪಡಿಯಿಂದ ಮೂರು ವರ್ಷಕ್ಕೆ ಏರಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಕಲಂ 299 ಎಂಬ ಸಂಖ್ಯೆಯಲ್ಲಿ ಮುಂದುವರಿದಿದೆ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ. ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಇದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂಬ ನಿಯಮವಿದೆ ನಿಜ. ಆ ಅನುಮತಿ ಬೇಕಾಗುವುದು ಎಫ್‌ಐಆರ್, ತನಿಖೆ, ಬಂಧನಗಳೆಲ್ಲ ಮುಗಿದ ಮೇಲೆ. ದುರುದ್ದೇಶವಿತ್ತೇ ಎಂಬ ಪ್ರಶ್ನೆ ಕೊನೆಯ ಬಾಗಿಲಲ್ಲಿ ಕಾದು ಕೂತಿರುತ್ತದೆ, ಆರೋಪಿ ಮೊದಲ ಬಾಗಿಲಲ್ಲೇ ಒಳಗೆ ಹೋಗಿರುತ್ತಾನೆ. 2013ರ ಆಗಸ್ಟಿನಲ್ಲಿ ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಅವರನ್ನು ಬೆಂಗಳೂರಿನಲ್ಲಿ ಬಂಧಿಸಲಾಯಿತು. ಕಾದಂಬರಿಯ ಗುಣಾವಗುಣಗಳ ಚರ್ಚೆ ಇಲ್ಲಿ ಅಪ್ರಸ್ತುತ. ಲೇಖಕನ ಉದ್ದೇಶವನ್ನು ಯಾವ ನ್ಯಾಯಾಲಯವೂ ಇನ್ನೂ ತೂಗಿ ನೋಡಿರದ ಹೊತ್ತಿನಲ್ಲಿ ಬಂಧನ ನಡೆದಿತ್ತು. ಪತ್ರಿಕೆಯೊಂದರ ಮುಖಪುಟದಲ್ಲಿ ತನ್ನನ್ನು ದೇವರ ರೂಪದಲ್ಲಿ ಚಿತ್ರಿಸಿದ್ದಕ್ಕೆ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಬೆಂಗಳೂರು ಮತ್ತು ಅನಂತಪುರದ ನ್ಯಾಯಾಲಯಗಳಲ್ಲಿ ಪ್ರಕರಣ ಎದುರಿಸಬೇಕಾಯಿತು. ಅವನ್ನು ರದ್ದುಪಡಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ದುರುದ್ದೇಶವಿಲ್ಲದೆ, ಎಚ್ಚರ ತಪ್ಪಿ, ಅರಿಯದೆ ಆಡಿದ ಮಾತು ಈ ಕಲಮಿನಡಿ ಬರುವುದಿಲ್ಲ ಎಂದು 2017ರಲ್ಲಿ ನ್ಯಾಯಾಲಯ ಪುನಃ ಹೇಳಿತು. ಹೆಸರು, ಹಣ, ಹಿರಿಯ ವಕೀಲರು ಉಳ್ಳವರಿಗೆ ದಿಲ್ಲಿಯ ದಾರಿ ತೆರೆದಿದೆ. ಕುಷ್ಟಗಿಯ ಶಿಕ್ಷಕನಿಗೆ, ಯಲಬುರ್ಗಾದ ಯುವ ಬರಹಗಾರ್ತಿಗೆ ಆ ದಾರಿ ಎಲ್ಲಿದೆ?

ಪುಸ್ತಕದ ಮುಟ್ಟುಗೋಲಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 95 ಪುಸ್ತಕವೊಂದರಲ್ಲಿ 295ಎ ಅಡಿ ಶಿಕ್ಷಾರ್ಹವಾದ ವಿಷಯವಿದೆ ಎಂದು ರಾಜ್ಯ ಸರ್ಕಾರಕ್ಕೆ ತೋರಿದರೆ ಅದರ ಪ್ರತಿಗಳನ್ನು ಮುಟ್ಟುಗೋಲು ಹಾಕುವ ಅಧಿಕಾರವನ್ನು ಕೊಟ್ಟಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 98 ಅದನ್ನೇ ಮುಂದುವರಿಸಿದೆ. ಬಸವಣ್ಣನವರ ಕಾಲವನ್ನು ಕುರಿತ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು 1997ರಲ್ಲಿ ಕರ್ನಾಟಕ ಸರ್ಕಾರ ಹೀಗೆ ಮುಟ್ಟುಗೋಲು ಹಾಕಿತು. ಅಕ್ಕನಾಗಮ್ಮ ಮತ್ತು ಚನ್ನಬಸವಣ್ಣನವರ ಜನ್ಮವೃತ್ತಾಂತದ ಭಾಗ ಶ್ರದ್ಧಾವಂತರನ್ನು ನೋಯಿಸಿತ್ತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಆ ಆಜ್ಞೆಯನ್ನು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಆ ತೀರ್ಪಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಯೇ ಒಂದು ಮಾತನ್ನು ಹೇಳಬೇಕು. ಮುಟ್ಟುಗೋಲಿನ ದಾರಿಯಲ್ಲಿ ಲೇಖಕ ಆರೋಪಿಯಾಗುವುದಿಲ್ಲ. ಆರೋಪಿಯಾಗದಿರುವುದರಿಂದಲೇ ಅವನ ದುರುದ್ದೇಶವನ್ನು ಸಾಕ್ಷ್ಯದಿಂದ ಸಾಬೀತುಪಡಿಸುವ ಹೊಣೆಯನ್ನು ಯಾರೂ ಹೊರುವುದಿಲ್ಲ. ಅಪರಾಧಿಯೇ ಇಲ್ಲದೆ ಅಪರಾಧದ ಪರಿಣಾಮ ಮಾತ್ರ ಉಂಟಾಗುತ್ತದೆ. 1927ರ ಸಮಿತಿ ಬಿಗಿದ ಎರಡನೆಯ ಬೀಗವನ್ನು ತೆರೆಯದೆಯೇ ಒಳಹೋಗುವ ಪಕ್ಕದ ಬಾಗಿಲು ಇದು.

ಈಗ ಎದುರು ವಾದಗಳಿಗೆ ಬರೋಣ. ಅವು ಹಗುರವಾದವಲ್ಲ. ಧಾರ್ಮಿಕ ಅವಮಾನದಿಂದಾಗುವ ನೋವು ನಿಜವಾದ ನೋವು, ಅದನ್ನು ಬರೀ ಅಸಹನೆ ಎಂದು ತಳ್ಳಿಹಾಕಲಾಗದು ಎಂಬುದು ಮೊದಲನೆಯದು. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ದಿನದ ದುಡಿಮೆಯ ನಡುವೆ ದೇವರೊಂದೇ ಆಸರೆ ಎಂದುಕೊಂಡವನಿಗೆ ಆ ಆಸರೆಯನ್ನು ಹೀಯಾಳಿಸಿದಾಗ ಆಗುವ ಸಂಕಟ ಸುಳ್ಳಲ್ಲ. ಅವನು ಅಲ್ಪಸಂಖ್ಯಾತನಾಗಿದ್ದರೆ ಸಂಕಟದ ಜತೆ ಭಯವೂ ಸೇರುತ್ತದೆ. ಆದರೆ ನೋವೆಲ್ಲವೂ ದಂಡನೆಯ ವಿಷಯವಲ್ಲ. ಒಂದು ಸಮುದಾಯದ ವಿರುದ್ಧ ದ್ವೇಷ ಕೆರಳಿಸಿದರೆ ನ್ಯಾಯ ಸಂಹಿತೆಯ ಕಲಂ 196 ಇದೆ. ಪೂಜಾಸ್ಥಳಕ್ಕೆ ಹಾನಿಯಾದರೆ 298, ಪ್ರಾರ್ಥನೆಗೆ ಅಡ್ಡಿಯಾದರೆ 300, ಸ್ಮಶಾನವನ್ನು ಅತಿಕ್ರಮಿಸಿದರೆ 301 ಇವೆ. ಇವೆಲ್ಲ ನಂಬುವ ಮನುಷ್ಯನನ್ನು ಕಾಯುವ ಕಲಮುಗಳು. ಇವು ಬಲವಾಗಿ, ಪಕ್ಷಪಾತವಿಲ್ಲದೆ ಜಾರಿಯಾಗಲಿ ಎಂದು ಕೇಳುವುದು ನೊಂದವರ ಹಕ್ಕು. ಇವುಗಳಾಚೆಗೆ ಉಳಿಯುವುದು ವಿಚಾರಕ್ಕೆ ವಿಚಾರ ಎದುರಾಗುವ ಜಾಗ. ಅಲ್ಲಿ ಪೊಲೀಸರನ್ನು ಕರೆತಂದರೆ ಬಲಾಢ್ಯ ಸಮುದಾಯದ ನೋವಿಗೆ ಬೇಗ ಉತ್ತರ ಸಿಗುತ್ತದೆ, ದುರ್ಬಲರ ನೋವು ಠಾಣೆಯ ಮೆಟ್ಟಿಲಲ್ಲೇ ಉಳಿಯುತ್ತದೆ.

ಎರಡನೆಯ ವಾದ ಶಾಂತಿಪಾಲನೆಯದು. ಕಾನೂನಿನಲ್ಲಿ ಪರಿಹಾರವಿಲ್ಲದಿದ್ದರೆ ಜನ ಬೀದಿಗಿಳಿಯುತ್ತಾರೆ ಎನ್ನುತ್ತಾರೆ. 1927ರಲ್ಲಿ ಸರ್ಕಾರ ಹೇಳಿದ್ದೂ ಇದನ್ನೇ. ಇತಿಹಾಸ ಈ ವಾದಕ್ಕೆ ಬೆಂಬಲವಾಗಿ ನಿಲ್ಲುವುದಿಲ್ಲ. 295ಎ ಜಾರಿಗೆ ಬಂದ ಮೇಲೆಯೇ, 1929ರ ಏಪ್ರಿಲಿನಲ್ಲಿ, ಪ್ರಕಾಶಕ ರಾಜಪಾಲರನ್ನು ಲಾಹೋರಿನಲ್ಲಿ ಇರಿದು ಕೊಂದರು. 1986ರ ಡಿಸೆಂಬರಿನಲ್ಲಿ ಇಂಗ್ಲಿಷ್ ದೈನಿಕವೊಂದು ಪ್ರಕಟಿಸಿದ ಕಥೆಯ ಕಾರಣಕ್ಕೆ ಬೆಂಗಳೂರು ಹೊತ್ತಿ ಉರಿದಾಗಲೂ, 2020ರ ಆಗಸ್ಟಿನಲ್ಲಿ ಫೇಸ್‌ಬುಕ್ ಬರಹವೊಂದರ ಕಾರಣಕ್ಕೆ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಹಿಂಸೆ ನಡೆದು ಪೊಲೀಸ್ ಗುಂಡಿಗೆ ಮೂವರು ಬಲಿಯಾದಾಗಲೂ ಈ ಕಾನೂನು ಪುಸ್ತಕದಲ್ಲಿತ್ತು. ಗಲಭೆಗೆ ಹೆದರಿ ಮಾತನ್ನು ತಡೆದರೆ, ಗಲಭೆ ಎಬ್ಬಿಸಬಲ್ಲವನಿಗೆ ಮಾತನ್ನು ತಡೆಯುವ ಅಧಿಕಾರ ಸಿಗುತ್ತದೆ. ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವುದು ಕಾನೂನಿನ ಆಳ್ವಿಕೆಯನ್ನೇ ಒತ್ತೆಯಿಟ್ಟಂತೆ ಎಂದು 1989ರ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿದ್ದು ಈ ಅರ್ಥದಲ್ಲಿ. ಅದೇ 1989ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಸಂಪುಟದ ಕೆಲವು ಸಂಶೋಧನಾ ಅಭಿಪ್ರಾಯಗಳನ್ನು ಒತ್ತಡಕ್ಕೆ ಸಿಲುಕಿ ಹಿಂತೆಗೆದುಕೊಳ್ಳಬೇಕಾಯಿತು. ಅಲ್ಲಿ ನ್ಯಾಯಾಲಯದ ಶಿಕ್ಷೆಯೇನೂ ಇರಲಿಲ್ಲ. ಮುಂದೆ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಅವರು ಗುಂಡಿಗೆ ಬಲಿಯಾದರು. ನೊಂದವರಿಗೆ ಕಾನೂನು ಬೇಕೆಂದು ಕೇಳುವ ನಾವು ಬರೆದವರ ಪ್ರಾಣಕ್ಕೂ ಕಾನೂನು ಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಬೇಕಲ್ಲವೆ?

ಮೂರನೆಯ ವಾದ ಕಾನೂನನ್ನು ಇನ್ನಷ್ಟು ಕಠಿಣ ಮಾಡಿದರೆ ಅವಮಾನಗಳು ನಿಲ್ಲುತ್ತವೆ ಎಂಬುದು. ಇದಕ್ಕೆ ನಮ್ಮ ನೆರೆಯ ದೇಶವೇ ಉತ್ತರ. 1947ರಲ್ಲಿ ನಮಗೂ ಪಾಕಿಸ್ತಾನಕ್ಕೂ ದಕ್ಕಿದ್ದು ಒಂದೇ 295ಎ. ಅಲ್ಲಿ 1982ರಲ್ಲಿ 295ಬಿ, 1986ರಲ್ಲಿ 295ಸಿ ಸೇರಿದವು. ಎರಡನೆಯದರಲ್ಲಿ ಮರಣದಂಡನೆ ಬಂದಿತು, ದುರುದ್ದೇಶವನ್ನು ತೋರಿಸಬೇಕೆಂಬ ಮಾತು ಕಲಮಿನ ಪಠ್ಯದಲ್ಲಿ ಇಲ್ಲವಾಯಿತು. 2010ರಲ್ಲಿ ಮರಣದಂಡನೆಗೆ ಗುರಿಯಾದ ಬಡ ಕ್ರೈಸ್ತ ಮಹಿಳೆ ಆಸಿಯಾ ಬೀಬಿ ನಿರ್ದೋಷಿಯೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳುವಷ್ಟರಲ್ಲಿ 2018 ಬಂದಿತ್ತು. ಆ ಕಾನೂನಿನ ತಿದ್ದುಪಡಿಗೆ ಶೆರ್ರಿ ರೆಹಮಾನ್ ಅಲ್ಲಿನ ಸಂಸತ್ತಿಗೆ ತಂದ ಖಾಸಗಿ ಮಸೂದೆ ಚರ್ಚೆಯನ್ನೇ ಕಾಣದೆ ಹಿಂದಕ್ಕೆ ಸರಿಯಿತು. ಕಾನೂನನ್ನು ಪ್ರಶ್ನಿಸಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಮತ್ತು ಸಚಿವ ಶಹಬಾಜ್ ಭಟ್ಟಿ 2011ರಲ್ಲಿ ಕೊಲೆಯಾದರು. ಶಿಕ್ಷೆ ಹೆಚ್ಚಿದಷ್ಟೂ ಆ ಶಿಕ್ಷೆಯ ಬಗ್ಗೆ ಸಂಸತ್ತಿನಲ್ಲಿ ಮಾತಾಡುವ ಧೈರ್ಯ ಕುಂದುತ್ತದೆ. ಅಲ್ಲಿ ಸತ್ತದ್ದು ಇಬ್ಬರು ವ್ಯಕ್ತಿಗಳಷ್ಟೇ ಅಲ್ಲ, ಶಾಸನಸಭೆಯ ಭಿನ್ನಮತವೂ ಹೌದು. ನಮ್ಮ ದೇಶದಲ್ಲೂ ಆ ದಾರಿಯ ಸೆಳೆತವಿದೆ. ಪವಿತ್ರ ಗ್ರಂಥಗಳ ಅಪವಿತ್ರತೆಗೆ ಜೀವಾವಧಿ ಶಿಕ್ಷೆ ವಿಧಿಸುವ ಮಸೂದೆಯನ್ನು ಪಂಜಾಬ್ ವಿಧಾನಸಭೆ 2018ರಲ್ಲಿ ಅಂಗೀಕರಿಸಿತ್ತು. 2025ರ ಜುಲೈನಲ್ಲಿ ಅದೇ ವಿಷಯದ ಇನ್ನೊಂದು ಮಸೂದೆ ಮಂಡನೆಯಾಗಿ ಸೆಲೆಕ್ಟ್ ಕಮಿಟಿಗೆ ಹೋಯಿತು. ಅದು ಸಮಿತಿಗೆ ಹೋದದ್ದನ್ನು ನಾನು ಸ್ವಾಗತಿಸುತ್ತೇನೆ. ನಿಧಾನವಾಗಿ ಓದಿ, ಆಕ್ಷೇಪಣೆ ಕೇಳಿ, ಒಂದೊಂದು ಪದವನ್ನೂ ತೂಗುವ ಕೆಲಸ ಸದನದ ಗದ್ದಲದಲ್ಲಿ ಆಗುವುದಿಲ್ಲ.

ಕೊನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಇಷ್ಟೆಲ್ಲ ತೊಂದರೆಯ ಕಲಮನ್ನು ಕಿತ್ತೇ ಹಾಕಬಾರದೇಕೆ, 2008ರಲ್ಲಿ ಇಂಗ್ಲೆಂಡು ದೈವನಿಂದೆಯ ಅಪರಾಧವನ್ನು ರದ್ದು ಮಾಡಲಿಲ್ಲವೆ, 2018ರಲ್ಲಿ ಐರ್ಲೆಂಡಿನ ಜನ ಅದನ್ನು ಜನಮತದಿಂದ ಸಂವಿಧಾನದಿಂದಲೇ ತೆಗೆಯಲಿಲ್ಲವೆ ಎಂದು ಕೇಳುವವರಿದ್ದಾರೆ. ಇಂಗ್ಲೆಂಡು ರದ್ದು ಮಾಡಿದ್ದು ಒಂದೇ ಚರ್ಚನ್ನು ಕಾಯುತ್ತಿದ್ದ ಕಾನೂನನ್ನು. ಅದಕ್ಕೂ ಮೊದಲು 2006ರಲ್ಲಿ ಧಾರ್ಮಿಕ ದ್ವೇಷದ ಮಸೂದೆಯ ಮೇಲೆ ಅಲ್ಲಿನ ಸಂಸತ್ತಿನಲ್ಲಿ ದೊಡ್ಡ ಜಟಾಪಟಿ ನಡೆಯಿತು. ಧರ್ಮದ ಟೀಕೆ, ಅಪಹಾಸ್ಯಗಳು ಅಪರಾಧವಾಗದಂತೆ ಮೇಲ್ಮನೆ ಸೇರಿಸಿದ್ದ ರಕ್ಷಣೆಯನ್ನು ಕೆಳಮನೆಯಲ್ಲಿ ತಳ್ಳಿಹಾಕಲು ಸರ್ಕಾರ ಯತ್ನಿಸಿ, 283ಕ್ಕೆ 282ರಂತೆ ಒಂದೇ ಮತದಿಂದ ಸೋತಿತು. ಡೆನ್ಮಾರ್ಕ್ 2017ರಲ್ಲಿ ದೈವನಿಂದೆಯ ಕಲಮನ್ನು ತೆಗೆದುಹಾಕಿ, 2023ರ ಡಿಸೆಂಬರಿನಲ್ಲಿ ಧರ್ಮಗ್ರಂಥಗಳನ್ನು ಸಾರ್ವಜನಿಕವಾಗಿ ಅಪಮಾನಿಸುವುದನ್ನು 94ಕ್ಕೆ 77 ಮತಗಳಿಂದ ಮತ್ತೆ ಅಪರಾಧವಾಗಿಸಿತು. ಯಾವ ಸಮಾಜಕ್ಕೂ ಈ ಪ್ರಶ್ನೆ ಒಮ್ಮೆಗೇ ಮುಗಿದಿಲ್ಲ. ಅವಮಾನವನ್ನು ಯೋಜಿಸಿ, ಹಬ್ಬದ ದಿನ ನೋಡಿ, ಮೆರವಣಿಗೆಯ ಮುಂದೆ ಎಸೆದು ದಾಳಿಗೆ ನೆಲ ಹದಮಾಡುವವರು ನಮ್ಮಲ್ಲಿದ್ದಾರೆ. ದುರುದ್ದೇಶದ ಆ ಕೃತ್ಯಕ್ಕೆ ಕಿರಿದಾದ ಒಂದು ಕಲಂ ಇರಲಿ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಿರಿದಾದದ್ದು ಕಿರಿದಾಗಿಯೇ ಉಳಿಯಬೇಕು, ಅಷ್ಟೆ.

ಹಾಗೆ ಉಳಿಸುವ ದಾರಿ ಕಷ್ಟದ್ದಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3), ಮೂರು ವರ್ಷದಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶ ಕೊಡುತ್ತದೆ. ಮಾತಿಗೆ ಸಂಬಂಧಿಸಿದ ಇಂಥ ದೂರುಗಳಲ್ಲಿ ಈ ವಿಚಾರಣೆ ನಡೆಸುವುದೇ ಸೂಕ್ತವೆಂದು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಹೇಳಿದೆ. ಮಾತಿನ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಯಿಂದ, ಮಾತುಮಾತಿಗೂ ಅಪಾಯ ಕಾಣುವವರ ಅಳತೆಯಿಂದಲ್ಲ ಎಂದೂ ಹೇಳಿದೆ. ಇದನ್ನು ಠಾಣೆಯ ಇಚ್ಛೆಗೆ ಬಿಡದೆ ಕಡ್ಡಾಯ ಮಾಡಬೇಕು. ನ್ಯಾಯಾಲಯ ಪ್ರಕರಣವನ್ನು ಎತ್ತಿಕೊಳ್ಳುವಾಗ ಬೇಕಾಗುವ ಸರ್ಕಾರದ ಅನುಮತಿಯನ್ನು ಬಂಧನಕ್ಕೂ ಮೊದಲಿನ ಹಂತಕ್ಕೆ ತರಬೇಕು. ನ್ಯಾಯ ಸಂಹಿತೆಯ ಕಲಂ 299 ಅನ್ನು ಜಾಮೀನು ಹಕ್ಕಾಗಿ ಸಿಗುವ ಅಪರಾಧವಾಗಿಸಬೇಕು. ಪುಸ್ತಕ ಮುಟ್ಟುಗೋಲಿನ ಆಜ್ಞೆಯಲ್ಲಿ ಲೇಖಕನ ದುರುದ್ದೇಶಕ್ಕೆ ಆಧಾರಗಳೇನು ಎಂಬುದನ್ನು ಬರೆಯುವುದು ಕಡ್ಡಾಯವಾಗಬೇಕು. ಇವುಗಳಲ್ಲಿ ಯಾವುದೂ ನಿಜವಾದ ದುರುದ್ದೇಶದವನನ್ನು ರಕ್ಷಿಸುವುದಿಲ್ಲ. ಸದುದ್ದೇಶದವನು ತನ್ನ ಸದುದ್ದೇಶವನ್ನು ಜೈಲಿನೊಳಗಿನಿಂದ ಸಾಬೀತುಪಡಿಸಬೇಕಾದ ಗತಿಯನ್ನಷ್ಟೇ ತಪ್ಪಿಸುತ್ತವೆ.

2025ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಮ್ಮದೇ ವಿಧಾನಮಂಡಲ ದ್ವೇಷ ಭಾಷಣ ಮತ್ತು ದ್ವೇಷಾಪರಾಧಗಳ ತಡೆ ಮಸೂದೆಯನ್ನು ಪ್ರತಿಪಕ್ಷದ ಪ್ರತಿಭಟನೆಯ ನಡುವೆ ಅಂಗೀಕರಿಸಿತು. ಅದರ ಗುರಿ ಮನುಷ್ಯರ ವಿರುದ್ಧದ ದ್ವೇಷವಾದ್ದರಿಂದ ಅದು ಧರ್ಮನಿಂದೆಯ ಕಾನೂನಲ್ಲ. ಆ ಗುರಿಯನ್ನು ನಾನು ಗೌರವಿಸುತ್ತೇನೆ. ಆದರೆ ವ್ಯಾಖ್ಯೆಯ ಅಗಲ ಎಷ್ಟು, ಉದ್ದೇಶವನ್ನು ಯಾರು ಯಾವಾಗ ನಿರ್ಧರಿಸಬೇಕು ಎಂಬ ಪ್ರಶ್ನೆಗಳು 1927ರವೇ. ಅಂಥ ಪ್ರಶ್ನೆಗಳನ್ನು ಗದ್ದಲದಲ್ಲಿ ಮುಗಿಸಿದರೆ ಆಳುವ ಪಕ್ಷವೂ ಪ್ರತಿಪಕ್ಷವೂ ತಮ್ಮ ಕೆಲಸವನ್ನು ಅರ್ಧ ಮಾತ್ರ ಮಾಡಿದಂತೆ. ಇಂದು ಒಂದು ಪಕ್ಷದ ಕೈಯಲ್ಲಿರುವ ಕಲಂ ನಾಳೆ ಇನ್ನೊಂದರ ಕೈಗೆ ಹೋಗುತ್ತದೆ. ಕಾನೂನು ಮಾಡುವವರು ತಮ್ಮ ವಿರೋಧಿಯ ಕೈಯಲ್ಲಿ ಅದು ಹೇಗೆ ಕೆಲಸ ಮಾಡೀತು ಎಂದು ನೋಡಿಯೇ ಮತ ಹಾಕಬೇಕು. ನಮ್ಮ ಕೊಪ್ಪಳ ಜಿಲ್ಲೆಯ ಐದು ಕ್ಷೇತ್ರಗಳಿಂದ ಐವರು ಶಾಸಕರು ವಿಧಾನಸಭೆಗೆ ಹೋಗುತ್ತಾರೆ. ರಸ್ತೆ, ನೀರು, ಕಾಲುವೆಗಳ ಲೆಕ್ಕವನ್ನು ನಾವು ಅವರಿಂದ ಕೇಳುತ್ತೇವೆ, ಕೇಳಬೇಕು. ಮಾತನ್ನು ದಂಡಿಸುವ ಮಸೂದೆ ಬಂದಾಗ ಅದನ್ನು ಓದಿದಿರಾ, ಸಮಿತಿಗೆ ಕಳುಹಿಸಲು ಒತ್ತಾಯಿಸಿದಿರಾ, ಸದುದ್ದೇಶದ ವಿಮರ್ಶಕನಿಗೆ ರಕ್ಷಣೆ ಕೇಳಿದಿರಾ, ನಿಮ್ಮ ಪಕ್ಷದ ನಿಲುವು ತಪ್ಪೆನಿಸಿದಾಗ ಎದ್ದು ನಿಂತು ಹೇಳಿದಿರಾ ಎಂಬ ಲೆಕ್ಕವನ್ನೂ ಇನ್ನು ಮುಂದೆ ಕೇಳಬೇಕು. ಕೇಳುವ ಹಕ್ಕೂ ಹೊಣೆಯೂ ಮತದಾರರಾದ ನಮ್ಮವು.